ಜಾನಕಿ ಅಮ್ಮಾಳ್: ನನ್ನ ರೀಲ್‌ನಲ್ಲಿದ್ದ ತಪ್ಪು, ಮತ್ತು ಅದರ ತಿದ್ದುಪಡಿ

ಭಾಗ 1/9
ಫೋಟೋ: ಅಜ್ಜನ ಕಬ್ಬಿನ ಗದ್ದೆ, ಬೆಳಿಗ್ಗೆ ಏಳು ಗಂಟೆ

ಫ್ರೆಂಡ್ಸ್, ಕಳೆದ ಮಹಿಳಾ ದಿನಾಚರಣೆಗೆ ನಾನು ಹಾಕಿದ್ದ ರೀಲ್ ನೆನಪಿದೆಯಾ? ಹಳೇ ಕಪ್ಪು-ಬಿಳುಪು ಫೋಟೋ, ಹಿಂದೆ ವೀಣೆ ಮ್ಯೂಸಿಕ್, ಮೇಲೆ ದಪ್ಪ ಅಕ್ಷರದಲ್ಲಿ "ನೀವು ಇವತ್ತು ಕುಡಿದ ಕಾಫಿಯ ಸಿಹಿ ಈ ಅಮ್ಮನದ್ದು. ಭಾರತದ ಸಪ್ಪೆ ಕಬ್ಬನ್ನ ಸಿಹಿ ಮಾಡಿದ ವಿಜ್ಞಾನಿ, ಡಾ. ಜಾನಕಿ ಅಮ್ಮಾಳ್." ನನ್ನ ಪೇಜಲ್ಲಿ ಅತಿ ಹೆಚ್ಚು ಶೇರ್ ಆದ ಪೋಸ್ಟ್ ಅದೇ. ನಿಮ್ಮಲ್ಲಿ ತುಂಬಾ ಜನ ನನ್ನ ಫಾಲೋ ಮಾಡೋಕೆ ಶುರು ಮಾಡಿದ್ದೂ ಅದರಿಂದಲೇ.

ಅದು ತಪ್ಪು.

ಮೊದಲು ಕೇಳಿದ್ದು ನಮ್ಮಜ್ಜ. ಮಂಡ್ಯ ಕಡೆ ಊರು ನಮ್ಮದು, ಅವರು ಜೀವಮಾನವೆಲ್ಲ ಕಬ್ಬು ಬೆಳೆದವರು. ಮೊಬೈಲಲ್ಲಿ ರೀಲ್ ತೋರಿಸಿದಾಗ ನೋಡಿ, "ಅಲ್ಲ ಕಣವ್ವ, ಆಯಮ್ಮ ಬರೋಗಂಟ ನಮ್ ಕಬ್ಬೆಲ್ಲಾ ಸಪ್ಪೆ ಇತ್ತಾ? ಆಲೆಮನೇಲಿ ಏನ್ ಬೇಯಿಸ್ತಿದ್ರು ಮತ್ತೆ?" ಅಂದರು. ನಾನು ನಕ್ಕು ಸುಮ್ಮನಾದೆ. ಲೈಕ್ ಬರ್ತಿತ್ತಲ್ಲ!

ಎರಡನೇ ಸಲ ನಗೋಕೆ ಆಗಲಿಲ್ಲ. ಒಬ್ಬಳು ಜೂನಿಯರ್ ನನ್ನ ರೀಲ್ ನೋಡಿಕೊಂಡೇ ಭಾಷಣ ಸ್ಪರ್ಧೆಗೆ ತಯಾರಾಗಿ ಹೋಗಿದ್ದಳು. ಭಾಷಣ ಮುಗಿದ ಮೇಲೆ ತೀರ್ಪುಗಾರರೊಬ್ಬರು ಒಂದೇ ಪ್ರಶ್ನೆ ಕೇಳಿದರಂತೆ: "ಅವರು ಕೊಯಮತ್ತೂರಿಗೆ ಬಂದಿದ್ದು ಯಾವ ವರ್ಷ? ಅಲ್ಲಿನ ಮೊದಲ ಕಬ್ಬಿನ ತಳಿ ಬಂದಿದ್ದು ಯಾವ ವರ್ಷ?" ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆವತ್ತು ರಾತ್ರಿ ಅವಳು ಕಳಿಸಿದ ಮೆಸೇಜು ಇಷ್ಟೇ: "ಅಕ್ಕ, ನಿಮ್ಮ ರೀಲ್ ನಂಬಿ ಹೇಳ್ದೆ."

ನಾನು ಬಿಕಾಂ ಓದೋಳು. ಅಕೌಂಟ್ಸಲ್ಲಿ ನಮಗೆ ಕಲಿಸೋ ಪಾಠ ಒಂದಿದೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದ್ರೆ ಅಳಿಸಬಾರದು, ಹಾಳೆ ಹರಿಯಬಾರದು. ತಪ್ಪು ಯಾವುದು, ಸರಿ ಯಾವುದು ಅಂತ ತೋರಿಸೋ ಹೊಸ ಎಂಟ್ರಿ ಹಾಕಬೇಕು. ಈ ಒಂಬತ್ತು ಭಾಗ ಆ ಎಂಟ್ರಿ. ಓದುತ್ತಾ ಹೋದ ಹಾಗೆ ಗೊತ್ತಾಗಿದ್ದೇನಂದ್ರೆ, ನಾನು ಕೊಟ್ಟ ಸುಳ್ಳು ಕ್ರೆಡಿಟ್‌ಗಿಂತ ಅವರ ನಿಜವಾದ ಕೆಲಸ ತುಂಬಾ ದೊಡ್ಡದು.

ಭಾಗ 2/9
ಫೋಟೋ: ಬಿತ್ತನೆ ಕಬ್ಬಿನ ತುಂಡು, ಗೆಣ್ಣಿನ ಹತ್ತಿರ ಕಣ್ಣು

ಮೊದಲು ಕಬ್ಬಿನ ಕಥೆ. ಊರಲ್ಲಿ ಬೆಳೆದವರಿಗೆ ಇದು ಗೊತ್ತಿರತ್ತೆ, ಸಿಟಿಯವರು ಸ್ವಲ್ಪ ಗಮನ ಕೊಡಿ.

ಕಬ್ಬನ್ನ ಬೀಜ ಬಿತ್ತಿ ಬೆಳೆಯಲ್ಲ. ಕಬ್ಬನ್ನೇ ತುಂಡು ಮಾಡಿ ನೆಡ್ತಾರೆ. ಗೆಣ್ಣಿನ ಹತ್ತಿರ ಇರೋ ಕಣ್ಣಿಂದ ಮೊಳಕೆ ಬರತ್ತೆ. ಒಂದು ಸಲ ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರತ್ತಲ್ಲ, ಅದು ಕೂಳೆ ಬೆಳೆ. ಅಂದ್ರೆ ಒಂದು ಗದ್ದೆಯ ಕಬ್ಬೆಲ್ಲ ಒಂದೇ ಗಿಡದ ನಕಲು. ತಾಯಿ ಹೇಗೋ ಮಕ್ಕಳೂ ಹಾಗೇ. ಹೊಸ ತಳಿ ಬೇಕು ಅಂದ್ರೆ ಕಬ್ಬು ಹೂ ಬಿಡಬೇಕು, ಒಂದರ ಪರಾಗ ಇನ್ನೊಂದರ ಹೂವಿಗೆ ಸೇರಬೇಕು, ಬೀಜ ಕಟ್ಟಬೇಕು. ಕಬ್ಬಿನ ಬೀಜ ಮೊಳೆಯತ್ತೆ ಅಂತ ವಿಜ್ಞಾನಿಗಳಿಗೆ ಖಾತ್ರಿ ಆಗಿದ್ದೇ 1880ರ ದಶಕದಲ್ಲಿ, ಜಾವಾ ಮತ್ತು ಬಾರ್ಬಡೋಸ್ ದ್ವೀಪಗಳಲ್ಲಿ.

ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಸಿಕ್ಕ ಜಾಗ ಕೊಯಮತ್ತೂರು. ಅಲ್ಲಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಹೂ ಬಿಟ್ಟು ಬೀಜ ಕಟ್ಟತ್ತೆ. 1912ರಲ್ಲಿ ಅಲ್ಲಿ ಕಬ್ಬು ತಳಿ ಕೇಂದ್ರ ಶುರುವಾಯ್ತು. ಮೊದಲು ಇದ್ದವರು ಸಿ.ಎ. ಬಾರ್ಬರ್ ಅನ್ನೋ ಇಂಗ್ಲಿಷ್ ಸಸ್ಯವಿಜ್ಞಾನಿ. ಅವರ ಜೊತೆ, ಆಮೇಲೆ ಅವರ ಜಾಗದಲ್ಲಿ, ಟಿ.ಎಸ್. ವೆಂಕಟರಾಮನ್.

ಅವರ ಮುಂದಿದ್ದ ಸಮಸ್ಯೆ ಹೀಗಿತ್ತು. ನ್ಯೂಗಿನಿ ಮೂಲದ ದಪ್ಪ ಕಬ್ಬು ತುಂಬಾ ಸಿಹಿ, ಆದ್ರೆ ನಾಜೂಕು. ಉತ್ತರ ಭಾರತದ ಚಳಿ, ಬರ, ರೋಗಕ್ಕೆ ತಡೆಯಲ್ಲ. ಅಲ್ಲಿನ ಸಣ್ಣ ಕಬ್ಬು ತಡೆಯತ್ತೆ, ಆದ್ರೆ ಇಳುವರಿ ಕಮ್ಮಿ. ಅದಕ್ಕೆ ಇವರು 'ವೆಳ್ಳೈ' ಅನ್ನೋ ದಪ್ಪ ಸಿಹಿ ಕಬ್ಬಿಗೆ ಕೊಯಮತ್ತೂರಿನಲ್ಲೇ ಬೆಳೆಯೋ ಕಾಡು ಕಬ್ಬಿನ ಪರಾಗ ಕೂಡಿಸಿದರು. ಕಾಡು ಕಬ್ಬು ನೋಡೋಕೆ ಹುಲ್ಲಿನ ಹಾಗೆ, ಸಸ್ಯಶಾಸ್ತ್ರದಲ್ಲಿ ಸ್ಯಾಕರಮ್ ಸ್ಪಾಂಟೇನಿಯಮ್. ಹುಟ್ಟಿದ ತಳಿಗೆ 'ಕೊ 205' ಅಂತ ಹೆಸರು. ಕೊ ಅಂದ್ರೆ ಕೊಯಮತ್ತೂರು. ಅದು ಪಂಜಾಬಿನ ಗದ್ದೆಗಳಿಗೆ ಹೋಗಿದ್ದು 1918ರಲ್ಲಿ.

1918ರಲ್ಲಿ ಜಾನಕಿ ಅಮ್ಮಾಳ್‌ಗೆ ಇಪ್ಪತ್ತು ವರ್ಷ. ನನ್ನ ವಯಸ್ಸು. ಮದ್ರಾಸಲ್ಲಿ ಓದೋ ದಿನಗಳು. ಕೊಯಮತ್ತೂರಿಗೆ ಅವರು ಕೆಲಸಕ್ಕೆ ಸೇರೋದು 1934ರಲ್ಲಿ, ಹದಿನಾರು ವರ್ಷ ಆದ್ಮೇಲೆ.

ಇನ್ನೊಂದು ಗಮನಿಸಿ. ಕಾಡು ಕಬ್ಬು ಕೊಟ್ಟಿದ್ದು ಸಿಹಿ ಅಲ್ಲ, ತಾಕತ್ತು. ಸಿಹಿ ಬಂದಿದ್ದು ದಪ್ಪ ಕಬ್ಬಿಂದ. ನನ್ನ ರೀಲ್‌ನಲ್ಲಿ ವ್ಯಕ್ತಿಯೂ ತಪ್ಪು, ವಿಷಯವೂ ತಪ್ಪು.

ಭಾಗ 3/9
ಫೋಟೋ: ನನ್ನ ನೋಟ್‌ಬುಕ್ಕಿನ ಹಾಳೆ, 80 + 64 ಲೆಕ್ಕ

ಹಾಗಾದ್ರೆ ತಳಿ ಬಂದು ಹದಿನಾರು ವರ್ಷ ಆದ್ಮೇಲೆ ಅಲ್ಲಿ ಇವರಿಗೇನು ಕೆಲಸ? ಅದಕ್ಕೆ ಒಂದು ಲೆಕ್ಕ ಮಾಡೋಣ. ಕಾಮರ್ಸ್‌ನವರೂ ಮಾಡಬಹುದು, ಕೂಡೋದು ಭಾಗಿಸೋದು ಅಷ್ಟೇ.

ಪ್ರತಿ ಜೀವಕೋಶದ ಒಳಗೆ ವರ್ಣತಂತು ಇರತ್ತೆ. ವಂಶದ ಮಾಹಿತಿ ಹೊತ್ತಿರೋ ಎಳೆಗಳು. ನಮಗೆ 46. ಅಪ್ಪನಿಂದ 23, ಅಮ್ಮನಿಂದ 23. ಗಿಡಗಳಲ್ಲೂ ಸಾಮಾನ್ಯವಾಗಿ ಹೀಗೇ, ಪರಾಗದಲ್ಲಿ ಅರ್ಧ, ಅಂಡದಲ್ಲಿ ಅರ್ಧ.

ದಪ್ಪ ಸಿಹಿ ಕಬ್ಬಿಗೆ 80. ಕೊಯಮತ್ತೂರಿನ ಕಾಡು ಕಬ್ಬಿಗೆ 64. ಎರಡರ ಅರ್ಧ ಕೂಡಿದ್ರೆ 40 + 32 = 72. ಮಗು ಕೊ 205ಕ್ಕೆ 72 ಇರಬೇಕು ತಾನೇ? ಇರೋದು 112.

ಎಲ್ಲಿಂದ ಬಂತು ಹೆಚ್ಚಿನ 40? ತಾಯಿ ಕಬ್ಬು ಅರ್ಧ ಕೊಡೋ ಬದಲು ತನ್ನ 80ನ್ನೂ ಕೊಟ್ಟುಬಿಟ್ಟಿದೆ. 80 + 32 = 112. ಕಬ್ಬಿನ ಈ ವಿಚಿತ್ರ ಗುಣ 1920ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವಿಜ್ಞಾನಿ ಬ್ರೆಮರ್ ಅವರಿಗೆ ಗೊತ್ತಾಯ್ತು. ಅಲ್ಲಿವರೆಗೆ ತಳಿಗಾರರು ಕಣ್ಣಳತೆಯಲ್ಲಿ ಕೆಲಸ ಮಾಡ್ತಿದ್ರು. ಸಾವಿರಾರು ಸಸಿ ಬೆಳೆಸು, ಚೆನ್ನಾಗಿರೋದನ್ನ ಆರಿಸು. ಒಳಗೆ ಏನಾಗ್ತಿದೆ ಅಂತ ಎಣಿಸಿ ನೋಡಬೇಕಾದ್ರೆ ವರ್ಣತಂತು ಬಲ್ಲವರೇ ಬೇಕಿತ್ತು.

ಈ ಎಣಿಕೆ ಬರೀ ಕಬ್ಬಿನ ವಿಷಯ ಅಲ್ಲ. ಗಿಡಗಳ ವಿಕಾಸದ ದೊಡ್ಡ ಗುಟ್ಟು ಇದರಲ್ಲಿದೆ. ಎರಡು ಬೇರೆ ಜಾತಿಯ ಗಿಡ ಕೂಡಿ ಹುಟ್ಟಿದ ಮಿಶ್ರತಳಿ ಬಹಳ ಸಲ ಬಂಜೆ ಆಗತ್ತೆ. ಯಾಕಂದ್ರೆ ಪರಾಗ ತಯಾರಾಗುವಾಗ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು, ಇಲ್ಲಿ ಜೋಡಿಯೇ ಸಿಗಲ್ಲ. ಟ್ಯಾಲಿ ಆಗದ ಟ್ರಯಲ್ ಬ್ಯಾಲೆನ್ಸ್ ತರ. ಆದ್ರೆ ಯಾವಾಗಲೋ ಒಮ್ಮೆ ಎಲ್ಲಾ ವರ್ಣತಂತುಗಳೂ ಎರಡರಷ್ಟಾಗಿ ಬಿಡ್ತವೆ. ಆಗ ಪ್ರತಿಯೊಂದಕ್ಕೂ ಜೋಡಿ ಸಿಗತ್ತೆ, ಬೀಜ ಕಟ್ಟತ್ತೆ, ಹೊಸ ಜಾತಿಯೇ ಹುಟ್ಟಬಹುದು. ಹೀಗೆ ಎರಡಕ್ಕಿಂತ ಹೆಚ್ಚು ಜೊತೆ ವರ್ಣತಂತು ಇರೋದಕ್ಕೆ ಪಾಲಿಪ್ಲಾಯ್ಡಿ ಅಂತಾರೆ.

ನಿಮ್ಮ ಚಪಾತಿಯ ಗೋಧಿ ಹೀಗೇ ಹುಟ್ಟಿದ್ದು. ಮೂರು ಬೇರೆ ಹುಲ್ಲುಗಳಿಂದ 14 + 14 + 14, ಒಟ್ಟು 42. ನೀವು ತಿನ್ನೋ ಪಚ್ಚಬಾಳೆಯಲ್ಲಿ 33, ಹನ್ನೊಂದರ ಮೂರು ಜೊತೆ. ಮೂರನ್ನ ಸಮವಾಗಿ ಇಬ್ಭಾಗ ಮಾಡೋಕೆ ಬರಲ್ಲ, ಅದಕ್ಕೇ ಆ ಹಣ್ಣಲ್ಲಿ ಬೀಜ ಇಲ್ಲ.

ಜಾನಕಿ ಅಮ್ಮಾಳ್ ತಮ್ಮ ಜೀವನಪೂರ್ತಿ ಓದಿದ್ದು ಈ ಲೆಕ್ಕವನ್ನೇ.

ಭಾಗ 4/9
ಫೋಟೋ: ಮೈಸೂರು–ವಿರಾಜಪೇಟೆ–ತಲಶ್ಶೇರಿ ರಸ್ತೆ, ಕಳೆದ ವರ್ಷದ ಟ್ರಿಪ್

ಈ ರಸ್ತೆಯಲ್ಲಿ ನಮ್ಮ ಗ್ಯಾಂಗ್ ಕಡಲು ನೋಡೋಕೆ ಹೋಗಿತ್ತು. ಕೊಡಗಿನ ಘಟ್ಟ ಇಳಿದ್ರೆ ತಲಶ್ಶೇರಿ. ಬಿರಿಯಾನಿ ತಿಂದು, ಕೋಟೆ ಮುಂದೆ ಫೋಟೋ ತೆಗೆದುಕೊಂಡು ವಾಪಸ್ ಬಂದ್ವಿ. ನಾನು ಯಾರ ಬಗ್ಗೆ ರೀಲ್ ಮಾಡಿದ್ದೆನೋ ಅವರು ಹುಟ್ಟಿದ ಊರು ಅದೇ ಅಂತ ನನಗೆ ಗೊತ್ತೇ ಇರಲಿಲ್ಲ.

ಎಡವಲತ್ ಕಕ್ಕಟ್ ಜಾನಕಿ ಅಮ್ಮಾಳ್ ಹುಟ್ಟಿದ್ದು 1897ರ ನವೆಂಬರ್ 4. ತಂದೆ ಇ.ಕೆ. ಕೃಷ್ಣನ್ ಸಬ್‌ ಜಡ್ಜ್. ದೊಡ್ಡ ಕುಟುಂಬ, ತುಂಬಿದ ಮನೆ. ತಂದೆಗೆ ಗಿಡ, ಹಕ್ಕಿ, ತೋಟ ಅಂದ್ರೆ ಪ್ರಾಣ. ಅಕ್ಕ-ತಂಗಿಯರಿಗೆ ಒಬ್ಬೊಬ್ಬರಿಗೇ ಮದುವೆ ಆಗ್ತಾ ಹೋಯ್ತು. ಇವರು ಓದ್ತೀನಿ ಅಂದ್ರು.

ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು, ಆಮೇಲೆ ಪ್ರೆಸಿಡೆನ್ಸಿ ಕಾಲೇಜಲ್ಲಿ ಸಸ್ಯಶಾಸ್ತ್ರ ಆನರ್ಸ್, 1921. ಸ್ವಲ್ಪ ಕಾಲ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಲ್ಲಿ ಪಾಠ ಮಾಡಿದ್ರು. ಅಷ್ಟರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಬಾರ್ಬರ್ ಸ್ಕಾಲರ್‌ಶಿಪ್ ಸಿಕ್ತು. ಇದು ಏಷ್ಯಾದ ಹೆಣ್ಣುಮಕ್ಕಳಿಗೆ ಅಂತಲೇ ಇದ್ದ ವಿದ್ಯಾರ್ಥಿವೇತನ. ಭಾಗ 2ರ ಕಬ್ಬಿನ ಬಾರ್ಬರ್‌ಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ ತರ ಕೇಳಿಸತ್ತೆ.

ಒಂದು ಕ್ಷಣ ಯೋಚನೆ ಮಾಡಿ. 1920ರ ದಶಕ. ಹಡಗಿನ ಪ್ರಯಾಣ. ಮಲಬಾರಿನ ಹೆಣ್ಣುಮಗಳೊಬ್ಬಳು ಅಷ್ಟು ದೂರ ಹೋಗಿ ಜೀವಕೋಶದೊಳಗಿನ ಎಳೆ ಎಣಿಸೋ ವಿದ್ಯೆ ಕಲೀತಾಳೆ. ಸೀರೆ ಬಿಡಲಿಲ್ಲ, ಓದೂ ಬಿಡಲಿಲ್ಲ. 1931ರಲ್ಲಿ ಡಾಕ್ಟರೇಟ್. ವಿಷಯ ನಿಕ್ಯಾಂಡ್ರಾ ಅನ್ನೋ ಗಿಡದ ವರ್ಣತಂತುಗಳು. ಬದನೆ, ಟೊಮ್ಯಾಟೊ ಸಂಬಂಧಿ ಗಿಡ ಅದು.

ನಮ್ಮ ಕ್ಲಾಸಲ್ಲಿ ಇವತ್ತಿಗೂ "ಇಷ್ಟು ಓದಿ ಏನ್ ಮಾಡ್ತೀಯಾ, ಮದುವೆ ಆಗಲ್ವಾ?" ಅನ್ನೋ ಪ್ರಶ್ನೆ ಕೇಳಿಸಿಕೊಂಡವರು ಎಷ್ಟು ಜನ ಇದ್ದೀವಿ? ಕೈ ಎತ್ತಿ. ಅವರು ಕೊನೆವರೆಗೂ ಮದುವೆ ಆಗಲಿಲ್ಲ.

ವಾಪಸ್ ಬಂದು ತಿರುವನಂತಪುರದಲ್ಲಿ ಎರಡು ವರ್ಷ ಪ್ರೊಫೆಸರ್. 1934ರಲ್ಲಿ ಕೊಯಮತ್ತೂರು.

ಭಾಗ 5/9
ಫೋಟೋ: ಹೂ ಬಿಟ್ಟ ಕಬ್ಬು, ಬೆಳ್ಳಗೆ ಗರಿ ಹಾಗೆ

ಕೊಯಮತ್ತೂರಿನಲ್ಲಿ ಅವರು ಇದ್ದಿದ್ದು 1934ರಿಂದ 1939. ಐದು ವರ್ಷದಲ್ಲಿ ಏನು ಮಾಡಿದ್ರು?

ಒಂದು, ಕಾಡು ಕಬ್ಬನ್ನ ಎಣಿಸಿದ್ರು. ಕೇಳೋಕೆ ಸಣ್ಣ ಕೆಲಸ ಅನ್ಸತ್ತೆ. ಬೇರಿನ ತುದಿಯನ್ನೋ ಎಳೇ ಹೂವಿನ ಪರಾಗಕೋಶವನ್ನೋ ಸರಿಯಾದ ಹೊತ್ತಲ್ಲಿ ಕತ್ತರಿಸಬೇಕು, ರಾಸಾಯನಿಕದಲ್ಲಿ ಹಿಡಿದಿಡಬೇಕು, ಬಣ್ಣ ಹಚ್ಚಬೇಕು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೋಶ ವಿಭಜನೆ ಆಗೋ ಒಂದು ಘಟ್ಟದಲ್ಲಿ ಮಾತ್ರ ವರ್ಣತಂತು ಬಿಡಿಬಿಡಿಯಾಗಿ ಕಾಣತ್ತೆ. ಅರವತ್ತೋ ನೂರೋ ಕಡ್ಡಿ ಒಂದರ ಮೇಲೊಂದು ಬಿದ್ದಿರತ್ತೆ. ಕಂಪ್ಯೂಟರ್ ಇಲ್ಲ. ಕೈಯಲ್ಲಿ ಚಿತ್ರ ಬಿಡಿಸಿ ಎಣಿಸಬೇಕು, ಮತ್ತೆ ಇನ್ನೊಂದು ಕೋಶ, ಮತ್ತೆ ಎಣಿಕೆ.

ಹಾಗೆ ನೋಡಿದಾಗ ಕಂಡಿದ್ದು: ದೇಶದ ಬೇರೆ ಬೇರೆ ಕಡೆಯ ಕಾಡು ಕಬ್ಬಿಗೆ ಹೆಸರು ಒಂದೇ, ಸಂಖ್ಯೆ ಬೇರೆ ಬೇರೆ. ಈ ಒಂದೇ ಜಾತಿಯಲ್ಲಿ 40ರಿಂದ 128ರವರೆಗೆ ಸಂಖ್ಯೆ ಇದೆ ಅಂತ ಇವತ್ತು ಗೊತ್ತು. ಯಾವ ಊರಿನ ಹುಲ್ಲಲ್ಲಿ ಎಷ್ಟು ಅಂತ ನಕ್ಷೆ ಮೇಲೆ ಇಟ್ಟು ನೋಡಿದ್ರೆ, ಆ ಗಿಡ ಎಲ್ಲಿಂದ ಎಲ್ಲಿಗೆ ಹರಡಿತು, ಎಲ್ಲಿ ಬದಲಾಯ್ತು ಅನ್ನೋ ಇತಿಹಾಸದ ಸುಳಿವು ಸಿಗತ್ತೆ. ಶಾಸನ ಓದೋರು ಕಲ್ಲು ಓದೋ ಹಾಗೆ ಇವರು ಹುಲ್ಲು ಓದ್ತಿದ್ರು.

ಎರಡು, ದೂರದ ಸಂಬಂಧದ ಗಿಡಗಳ ಜೊತೆ ಕಬ್ಬನ್ನ ಕೂಡಿಸಿದ್ರು. ಕಬ್ಬು ಮತ್ತು ಮುಸುಕಿನ ಜೋಳದ ಮಿಶ್ರತಳಿ ಬಗ್ಗೆ ಅವರ ವರದಿ 1938ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ವಿಜ್ಞಾನ ಓದೋ ಫ್ರೆಂಡ್ಸನ್ನ ಕೇಳಿ, ನೇಚರ್‌ನಲ್ಲಿ ಬರೋದು ಅಂದ್ರೆ ಏನು ಅಂತ. ಆ ಮಿಶ್ರತಳಿ ರೈತರ ಗದ್ದೆಯ ಬೆಳೆ ಆಗಲಿಲ್ಲ. ಆದ್ರೆ ಹುಲ್ಲಿನ ಕುಲದಲ್ಲಿ ಯಾರು ಯಾರಿಗೆ ಎಷ್ಟು ಹತ್ತಿರದ ನೆಂಟರು ಅಂತ ತಿಳಿಯೋಕೆ ಇಂಥ ಮದುವೆ ಮಾಡಿಸಿಯೇ ನೋಡಬೇಕಿತ್ತು.

ಆಗಿನ ಕಾಲದಲ್ಲಿ ಒಂಟಿ ಹೆಣ್ಣು, ಜಾತಿಯ ಲೆಕ್ಕದಲ್ಲಿ ಕೆಳಗಿಟ್ಟಿದ್ದ ತೀಯ ಸಮುದಾಯದವರು. ಗಂಡಸರೇ ತುಂಬಿದ್ದ ಜಾಗದಲ್ಲಿ ಅವರಿಗೆ ದಾರಿ ಸುಲಭ ಇರಲಿಲ್ಲ ಅಂತ ಅವರ ಜೀವನದ ಬಗ್ಗೆ ಬರೆದವರು ಹೇಳ್ತಾರೆ.

1939ರ ಆಗಸ್ಟಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ತಳಿಶಾಸ್ತ್ರ ಸಮ್ಮೇಳನ ಇತ್ತು. ಅಲ್ಲಿಗೆ ಹೋದ್ರು. ಕೆಲವೇ ದಿನದಲ್ಲಿ ಎರಡನೇ ಮಹಾಯುದ್ಧ ಶುರು. ಅಲ್ಲೇ ಉಳಿದ್ರು.

ಭಾಗ 6/9
ಫೋಟೋ: ಲೈಬ್ರರಿ ಕಪಾಟು, ಧೂಳು ಸಮೇತ

ಇದು ನನಗೆ ತುಂಬಾ ಇಷ್ಟವಾದ ಭಾಗ.

ಲಂಡನ್ ಹತ್ತಿರ ಮರ್ಟನ್ ಅನ್ನೋ ಕಡೆ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆ. 1940ರಿಂದ 1945ರವರೆಗೆ ಅಲ್ಲಿ ಕೆಲಸ. ಅಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಇದ್ರು, ವರ್ಣತಂತು ವಿಜ್ಞಾನದಲ್ಲಿ ಆಗಿನ ದೊಡ್ಡ ಹೆಸರು. ಹೊರಗೆ ಜರ್ಮನ್ ವಿಮಾನಗಳು ಬಾಂಬ್ ಹಾಕ್ತಿವೆ. ರಾತ್ರಿ ಬಾಂಬ್ ಬಿದ್ದಾಗ ಮಂಚದ ಕೆಳಗೆ ನುಸುಳೋರು, ಬೆಳಿಗ್ಗೆ ಎದ್ದು ಒಡೆದ ಗಾಜು ಗುಡಿಸಿ ಮತ್ತೆ ಕೆಲಸಕ್ಕೆ ಕೂರೋರು ಅಂತ ಅವರನ್ನ ಬಲ್ಲವರು ಹೇಳ್ತಿದ್ದ ಕಥೆ. ಬಾಯಿಂದ ಬಾಯಿಗೆ ಬಂದಿದ್ದು ಇದು, ಹಾಗೇ ತಗೊಳ್ಳಿ. ಒಂದು ಸಲ ಪೆಟ್ಟು ತಿಂದ ಮೇಲೆ ನಾನು ಇದನ್ನೂ ಹೇಳಿಯೇ ಬರೀತೀನಿ.

ಯುದ್ಧದ ಮಧ್ಯೆ ಇಬ್ಬರೂ ಸೇರಿ ಮಾಡಿದ ಕೆಲಸ 1945ರಲ್ಲಿ ಪುಸ್ತಕವಾಗಿ ಬಂತು. ಹೆಸರು 'ಕ್ರೋಮೊಸೋಮ್ ಅಟ್ಲಾಸ್ ಆಫ್ ಕಲ್ಟಿವೇಟೆಡ್ ಪ್ಲಾಂಟ್ಸ್'. ಮನುಷ್ಯ ಬೆಳೆಸೋ ಗಿಡಗಳ ವರ್ಣತಂತು ನಕಾಶೆ ಅನ್ನಬಹುದು. ಯಾವ ಗಿಡ, ಅದರ ವರ್ಣತಂತು ಎಷ್ಟು, ಮೂಲ ಯಾವ ಪ್ರದೇಶ, ಯಾತಕ್ಕೆ ಉಪಯೋಗ, ಎಲ್ಲಾ ಪಟ್ಟಿ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಲೆಡ್ಜರ್. ಭೂಮಿ ಮೇಲೆ ಮನುಷ್ಯ ಸಾಕಿಕೊಂಡ ಗಿಡಗಳ ಖಾತೆ ಪುಸ್ತಕ.

ಲೆಡ್ಜರ್‌ನಿಂದ ಏನು ಉಪಯೋಗ ಅಂತ ನಮಗೆ ಗೊತ್ತು. ಒಂದೊಂದು ವ್ಯವಹಾರ ನೋಡಿದ್ರೆ ಏನೂ ತಿಳಿಯಲ್ಲ, ಒಟ್ಟಿಗೆ ಇಟ್ಟಾಗ ವ್ಯಾಪಾರ ಎತ್ತ ಹೋಗ್ತಿದೆ ಅಂತ ಕಾಣತ್ತೆ. ಹಾಗೇ, ಬೆಳೆಗಳ ಸಂಖ್ಯೆ ಪಕ್ಕದಲ್ಲಿ ಅವುಗಳ ಕಾಡು ನೆಂಟರ ಸಂಖ್ಯೆ ಇಟ್ಟಾಗ ಯಾವ ಬೆಳೆ ಯಾವ ಕಾಡು ಗಿಡದಿಂದ ಬಂತು, ಎಲ್ಲಿ ಕೂಡಿತು, ಎಲ್ಲಿ ದುಪ್ಪಟ್ಟಾಯ್ತು ಅಂತ ಕೇಳೋಕೆ ದಾರಿ ಆಯ್ತು. ಯಾವುದರ ಜೊತೆ ಯಾವುದನ್ನ ಕೂಡಿಸಿದ್ರೆ ಬೀಜ ಕಟ್ಟಬಹುದು ಅಂತ ತಳಿಗಾರರು ಮೊದಲೇ ಅಂದಾಜು ಮಾಡೋಕೆ ಬಂತು.

ಮುಖಪುಟದಲ್ಲಿ ಎರಡೂ ಹೆಸರು: ಡಾರ್ಲಿಂಗ್ಟನ್, ಜಾನಕಿ ಅಮ್ಮಾಳ್. ಹತ್ತು ವರ್ಷ ಆದ್ಮೇಲೆ, 1955ರಲ್ಲಿ, ಇದನ್ನೇ ಹಿಗ್ಗಿಸಿ ಹೂ ಬಿಡೋ ಗಿಡಗಳ ಅಟ್ಲಾಸ್ ಬಂತು. ಅದರ ಮುಖಪುಟದಲ್ಲಿ ಡಾರ್ಲಿಂಗ್ಟನ್ ಜೊತೆ ಇದ್ದಿದ್ದು ಎ.ಪಿ. ವೈಲಿ ಅವರ ಹೆಸರು. ಹಾಗಾಗಿ ಆಮೇಲೆ ಓದಿದ ಎಷ್ಟೋ ಜನರ ಕೈಗೆ ಸಿಕ್ಕ ಪುಸ್ತಕದ ಮೇಲೆ ಜಾನಕಿ ಅಮ್ಮಾಳ್ ಇಲ್ಲ.

ನೋಡಿ, ಮಾಡದ ಕೆಲಸಕ್ಕೆ ನಾನು ಅವರ ಹೆಸರು ಹಾಕಿದೆ. ಮಾಡಿದ ಕೆಲಸ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಭಾಗ 7/9
ಫೋಟೋ: ನಮ್ಮ ಕಾಲೇಜಿನ ಸಂಪಿಗೆ ಮರ

ಸಂಪಿಗೆಗೆ ಇಂಗ್ಲೆಂಡಿನಲ್ಲಿ ನೆಂಟರಿದ್ದಾರೆ ಗೊತ್ತಾ? ಮ್ಯಾಗ್ನೋಲಿಯಾ ಕುಟುಂಬ. ಯುದ್ಧ ಮುಗಿದ ಮೇಲೆ ಜಾನಕಿ ಅಮ್ಮಾಳ್ ಕೆಲಸ ಮಾಡಿದ್ದು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರ ವಿಸ್ಲೀ ತೋಟದಲ್ಲಿ, ಅಲ್ಲಿನ ಗಿಡಗಳ ವರ್ಣತಂತು ತಜ್ಞೆಯಾಗಿ.

ಅಲ್ಲಿ ಅವರು ಬಳಸಿದ ಒಂದು ವಸ್ತು ಕಾಲ್ಚಿಸಿನ್. ಕಾಲ್ಚಿಕಮ್ ಅನ್ನೋ ಹೂಗಿಡದಿಂದ ಬರೋ ವಿಷ. ಸಣ್ಣ ಪ್ರಮಾಣದಲ್ಲಿ ಗೌಟ್ ಕಾಯಿಲೆಗೆ ಔಷಧಿ. 1937ರ ಸುಮಾರಿಗೆ ಇದರ ಇನ್ನೊಂದು ಗುಣ ಪತ್ತೆಯಾಗಿತ್ತು. ಕೋಶ ಎರಡಾಗುವಾಗ ವರ್ಣತಂತುಗಳು ಮೊದಲು ದುಪ್ಪಟ್ಟಾಗಿ, ಆಮೇಲೆ ಸಣ್ಣ ನಾರುಗಳು ಅವನ್ನ ಎರಡು ಕಡೆಗೆ ಎಳೀತವೆ. ಕಾಲ್ಚಿಸಿನ್ ಆ ನಾರು ಕಟ್ಟೋಕೆ ಬಿಡಲ್ಲ. ದುಪ್ಪಟ್ಟಾಗಿದ್ದು ಅಲ್ಲೇ ಉಳಿಯತ್ತೆ. ಪ್ರಕೃತಿಯಲ್ಲಿ ಎಂದೋ ಒಮ್ಮೆ ಆಗೋದನ್ನ ಮನುಷ್ಯ ಬೇಕಂದಾಗ ಮಾಡಬಹುದು ಅಂತಾಯ್ತು. ಭಾಗ 3ರಲ್ಲಿ ಹೇಳಿದ ಪಾಲಿಪ್ಲಾಯ್ಡಿ, ಈಗ ಬಾಟಲಿಯಿಂದ.

ಅವರು ಮ್ಯಾಗ್ನೋಲಿಯಾ ಸಸಿಗಳ ಮೇಲೆ ಈ ಪ್ರಯೋಗ ಮಾಡಿದ್ರು. ಅದರಲ್ಲಿ ಒಂದು ಬಿಳಿ ಹೂವಿನ ಮರಕ್ಕೆ ಇವತ್ತಿಗೂ ಅವರದೇ ಹೆಸರು: ಮ್ಯಾಗ್ನೋಲಿಯಾ ಕೋಬಸ್ 'ಜಾನಕಿ ಅಮ್ಮಾಳ್'. ಇಂಗ್ಲಿಷ್ ತೋಟದಲ್ಲಿ ತಲಶ್ಶೇರಿಯ ಹೆಸರು ಪ್ರತಿ ವಸಂತದಲ್ಲಿ ಅರಳತ್ತೆ.

ಇದೇ ಕಾಲದಲ್ಲಿ ಹಿಮಾಲಯದ ರೋಡೋಡೆಂಡ್ರನ್ ಹೂಗಿಡಗಳ ವರ್ಣತಂತು ಎಣಿಸಿದ್ರು. ಮುಂದೆ ಹಿಮಾಲಯದ ಗಿಡಗಳ ಬಗ್ಗೆ ಅವರು ಹೇಳಿದ ಮಾತು ವಿಕಾಸದ ಮಾತು. ವಾಯವ್ಯ ಹಿಮಾಲಯ ಚಳಿ ಮತ್ತು ಒಣ. ಈಶಾನ್ಯ ಹಿಮಾಲಯ ಚಳಿ ಮತ್ತು ತೇವ. ಈಶಾನ್ಯದಲ್ಲಿ ಹೊಸ ಹೊಸ ಜಾತಿ ಹೆಚ್ಚು ಹುಟ್ಟಿದೆ, ಅದಕ್ಕೆ ಕಾರಣ ಪಾಲಿಪ್ಲಾಯ್ಡಿ ಅಂದ್ರು. ಚೀನಾ ಕಡೆಯ ಗಿಡ, ಮಲಯ ಕಡೆಯ ಗಿಡ, ಭಾರತದ ಗಿಡ ಎಲ್ಲಾ ಅಲ್ಲಿ ಒಂದಕ್ಕೊಂದು ಎದುರಾಗಿ, ತಾವಾಗಿಯೇ ಕೂಡಿ, ಹೊಸ ತಳಿ ಆದವು ಅನ್ನೋದು ಅವರ ವಾದ.

ಕೊಯಮತ್ತೂರಲ್ಲಿ ಕೈಯಿಂದ ಮಾಡಿಸಿದ ಮದುವೆಯನ್ನ ಬೆಟ್ಟಗಳು ಲಕ್ಷಾಂತರ ವರ್ಷದಿಂದ ಮಾಡಿಸ್ತಾ ಇದ್ವು.

ಭಾಗ 8/9
ಫೋಟೋ: ಗದ್ದೆ ಬದುವಿನಲ್ಲಿ ಬೆಳೆದ ಹುಲ್ಲು, ಹೆಸರು ಗೊತ್ತಿಲ್ಲ

1951ರಲ್ಲಿ ಪ್ರಧಾನಿ ನೆಹರೂ ಕರೆದರು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯನ್ನ ಮತ್ತೆ ಕಟ್ಟಬೇಕಿತ್ತು. ಜಾನಕಿ ಅಮ್ಮಾಳ್ ವಾಪಸ್ ಬಂದು ವಿಶೇಷ ಅಧಿಕಾರಿಯಾಗಿ ಆ ಕೆಲಸಕ್ಕೆ ನಿಂತರು.

1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮನುಷ್ಯ ಭೂಮಿಯ ಮುಖವನ್ನ ಹೇಗೆ ಬದಲಾಯಿಸಿದ್ದಾನೆ ಅನ್ನೋ ವಿಷಯದ ಮೇಲೆ ದೊಡ್ಡ ವಿಚಾರಗೋಷ್ಠಿ. ಆಹ್ವಾನಿತರಲ್ಲಿ ಏಕೈಕ ಮಹಿಳೆ ಇವರು. ಭಾರತದಲ್ಲಿ ಜನ ತಮ್ಮ ಹೊಟ್ಟೆಪಾಡಿಗೆ ನೆಲ, ಕಾಡು, ಗಿಡಗಳನ್ನ ಹೇಗೆ ಬಳಸ್ತಾರೆ ಅನ್ನೋದರ ಬಗ್ಗೆ ಮಾತಾಡಿದ್ರು. 1977ರಲ್ಲಿ ಪದ್ಮಶ್ರೀ ಬಂತು.

ಕಡೆಗಾಲದಲ್ಲಿ ಇದ್ದಿದ್ದು ಮದ್ರಾಸ್ ಹತ್ತಿರ ಮಧುರವಾಯಲ್‌ನಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಕೇಂದ್ರದ ಪ್ರಯೋಗಾಲಯದ ಬಳಿ. ವಯಸ್ಸು ಎಂಬತ್ತು. ಆಗ ಕೇರಳದ ಸೈಲೆಂಟ್ ವ್ಯಾಲಿ ಕಾಡಲ್ಲಿ ಕುಂತಿ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯೋ ಯೋಜನೆ ಬಂತು. ಕಾಡು ಮುಳುಗತ್ತೆ. ಇವರು ಏನು ಮಾಡಿದ್ರು ಗೊತ್ತಾ? ಅಲ್ಲಿನ ಮರಗಳ ವರ್ಣತಂತು ಸಮೀಕ್ಷೆ ಮಾಡ್ತೀನಿ ಅಂತ ಹೊರಟರು. ಮುಳುಗೋ ಮುಂಚೆ ಅಲ್ಲಿ ಏನಿದೆ ಅಂತ ಲೆಕ್ಕ ಬರೆದಿಡಬೇಕು ಅಂತ.

ಇಲ್ಲಿಗೆ ಬಂದಾಗ ನನಗೆ ಕಬ್ಬು ಮತ್ತೆ ನೆನಪಾಯ್ತು. ಕೊ 205ರ ಅಪ್ಪ ಯಾರು? ಯಾರೂ ನೀರು ಹಾಕದ, ಗೊಬ್ಬರ ಹಾಕದ, ಬೆಲೆಯೇ ಇಲ್ಲದ ಕಾಡು ಹುಲ್ಲು. ಅದು ಅಲ್ಲಿ ಬೆಳೀತಾ ಇದ್ದಿದ್ದರಿಂದ ಪಂಜಾಬಿನ ರೈತನಿಗೆ ಕಬ್ಬು ಸಿಕ್ತು. ಯಾವ ಹುಲ್ಲು, ಯಾವ ಮರ ನಾಳೆ ಬೇಕಾಗತ್ತೆ ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಗೊತ್ತಾಗೋ ಮುಂಚೆ ಮುಳುಗಿಸಿದ್ರೆ ಮುಗೀತು, ಆ ಖಾತೆಗೆ ತಿದ್ದುಪಡಿ ಎಂಟ್ರಿ ಇಲ್ಲ.

ಸೈಲೆಂಟ್ ವ್ಯಾಲಿ ಉಳಿಸಿದ್ದು ಇವರೊಬ್ಬರೇ ಅಂತ ನಾನು ಬರೆಯಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಕವಯಿತ್ರಿ ಸುಗತಕುಮಾರಿ, ಪಕ್ಷಿತಜ್ಞ ಸಲೀಂ ಅಲಿ, ಎಷ್ಟೋ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸೇರಿ ಮಾಡಿದ ಹೋರಾಟ ಅದು. 1983ರಲ್ಲಿ ಯೋಜನೆ ಕೈಬಿಟ್ಟರು. 1984ರ ನವೆಂಬರಲ್ಲಿ ಅದನ್ನ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದ್ರು.

ಜಾನಕಿ ಅಮ್ಮಾಳ್ ಅದನ್ನ ನೋಡಲಿಲ್ಲ. ಒಂಬತ್ತು ತಿಂಗಳ ಹಿಂದೆ, 1984ರ ಫೆಬ್ರವರಿ 7ರಂದು, ಮಧುರವಾಯಲ್‌ನಲ್ಲಿ ತೀರಿಕೊಂಡಿದ್ದರು. 86 ವರ್ಷ.

ಭಾಗ 9/9
ಫೋಟೋ: ಅಜ್ಜ, ಕೈಯಲ್ಲಿ ಕಬ್ಬು, ಮುಖದಲ್ಲಿ ಜಂಬ

ಹಳೇ ರೀಲ್ ಡಿಲೀಟ್ ಮಾಡು ಅಂತ ಕೆಲವರು ಹೇಳಿದ್ರಿ. ಮಾಡಲ್ಲ. ಅದರ ಕ್ಯಾಪ್ಷನ್‌ನ ಮೊದಲ ಸಾಲಲ್ಲೇ "ಇದು ತಪ್ಪು, ಸರಿಯಾದ ವಿಷಯ ಇಲ್ಲಿದೆ" ಅಂತ ಹಾಕಿದ್ದೀನಿ, ಕಮೆಂಟಲ್ಲೂ ಪಿನ್ ಮಾಡಿದ್ದೀನಿ. ಡಿಲೀಟ್ ಮಾಡಿದ್ರೆ ನಾನು ಬಚಾವ್. ಆದ್ರೆ ಅದನ್ನ ನೋಡಿ ಸ್ಟೇಟಸ್‌ಗೆ ಹಾಕಿಕೊಂಡವರು, ಮನೆ ಗ್ರೂಪಿಗೆ ಕಳಿಸಿದವರು ತಪ್ಪನ್ನೇ ನಂಬಿಕೊಂಡು ಇರ್ತಾರೆ. ವಾಪಸ್ ಬಂದು ನೋಡಿದವರಿಗೆ ಸರಿ ಎಂಟ್ರಿ ಸಿಗಬೇಕು.

ಯಾಕೆ ಹಾಗೆ ಬರೆದೆ ಅಂತನೂ ಯೋಚನೆ ಮಾಡಿದೆ. "ಕಬ್ಬನ್ನ ಸಿಹಿ ಮಾಡಿದ್ರು" ಅಂದ್ರೆ ಒಂದೇ ಸಾಲಲ್ಲಿ ಮುಗಿಯತ್ತೆ. "ಐದು ವರ್ಷ ಕೂತು ಕಾಡು ಹುಲ್ಲಿನ ವರ್ಣತಂತು ಎಣಿಸಿದ್ರು" ಅಂದ್ರೆ ಯಾರು ಶೇರ್ ಮಾಡ್ತಾರೆ ಅಂತ ಅಂದುಕೊಂಡಿದ್ದೆ. ಹೆಣ್ಣುಮಗಳೊಬ್ಬಳ ಕೆಲಸ ದೊಡ್ಡದು ಅಂತ ತೋರಿಸೋಕೆ ಅದು ಅಡುಗೆಮನೆ ಡಬ್ಬದವರೆಗೆ ಬರಲೇಬೇಕು ಅಂತ ನಾನೇ ತೀರ್ಮಾನ ಮಾಡಿದ್ದೆ. ಜೊತೆಗೆ ಬಾರ್ಬರ್, ವೆಂಕಟರಾಮನ್, ಬ್ರೆಮರ್ ಅವರ ಕೆಲಸ ಕಿತ್ತು ಇವರ ಖಾತೆಗೆ ಹಾಕಿದ್ದೆ. ಇವರಿಗೆ ಅದರ ಅವಶ್ಯಕತೆಯೇ ಇರಲಿಲ್ಲ.

ಅಜ್ಜನಿಗೆ ಎಲ್ಲಾ ಓದಿ ಹೇಳಿದೆ. ಅವರು ಬೆಳೆದಿದ್ದು ಕೊ 62175, ಈಗ ಪಕ್ಕದ ಗದ್ದೆಗಳಲ್ಲಿ ಕೊ 86032 ಇದೆ. ಮೊದಲ ಎರಡು ಅಂಕಿ ವರ್ಷ ಅಂತ ನಾನು ಹೇಳೋ ಮುಂಚೆ ಅವರೇ ಹೇಳಿದ್ರು. ಇವುಗಳ ವಂಶದಲ್ಲೂ ಮೇಲೆ ಮೇಲೆ ಹೋದ್ರೆ ಕಾಡು ಹುಲ್ಲಿದೆ ಅಂದೆ. ಬದುವಿನ ಕಡೆ ನೋಡಿ, "ಹಂಗಾರೆ ಇನ್ಮೇಲೆ ಎಲ್ಲಾನೂ ಕಿತ್ತೆಸೀಬಾರ್ದು ಅನ್ನು" ಅಂದ್ರು.

ಆ ಜೂನಿಯರ್‌ಗೆ ಈ ಒಂಬತ್ತೂ ಭಾಗ ಮೊದಲೇ ಕಳಿಸಿ ಸಾರಿ ಕೇಳಿದ್ದೆ. ಎರಡು ದಿನ ಬಿಟ್ಟು ರಿಪ್ಲೈ ಬಂತು: "ಅಕ್ಕ, ಮುಂದಿನ ತಿಂಗಳು ಇನ್ನೊಂದು ಸ್ಪರ್ಧೆ ಇದೆ. ಇಷ್ಟನ್ನೂ ಮೂರು ನಿಮಿಷದಲ್ಲಿ ಹೇಗೆ ಹೇಳಲಿ?"

ಹೀಗೆ ಹೇಳು ಅಂದೆ: "ಜಾನಕಿ ಅಮ್ಮಾಳ್ ಕಬ್ಬಿಗೆ ಸಿಹಿ ತರಲಿಲ್ಲ, ಅದು ಮೊದಲೇ ಇತ್ತು. ಗಿಡಗಳ ಒಳಗಿನ ಎಳೆಗಳನ್ನ ಎಣಿಸಿ, ಅವು ಎಲ್ಲಿಂದ ಬಂದವು, ಹೇಗೆ ಕೂಡಿದವು, ಹೊಸ ಜಾತಿ ಹೇಗೆ ಆದವು ಅಂತ ಓದಿದ್ರು. ಬೆಳೆಗಳ ಲೆಡ್ಜರ್ ಬರೆದ್ರು. ಎಂಬತ್ತರ ವಯಸ್ಸಲ್ಲಿ, ಮುಳುಗಲಿದ್ದ ಕಾಡಿನ ಲೆಕ್ಕ ಬರೆಯೋಕೆ ಹೊರಟರು."

ಉಳಿದ ಎರಡೂವರೆ ನಿಮಿಷ ಅವಳದ್ದು. ಈ ಸಲ ಪ್ರಶ್ನೆ ಕೇಳಿದ್ರೆ ವರ್ಷ ಗೊತ್ತಿದೆ: 1918, 1934.

ಹಳೇ ರೀಲ್ ಶೇರ್ ಮಾಡಿದ್ದವರು ದಯವಿಟ್ಟು ಇದನ್ನೂ ಅದೇ ಗ್ರೂಪಿಗೆ ಕಳಿಸಿ. ಇದರಲ್ಲೂ ತಪ್ಪು ಕಂಡ್ರೆ ಕಮೆಂಟ್ ಮಾಡಿ, ಇನ್ನೊಂದು ಎಂಟ್ರಿ ಹಾಕೋಣ.

#ಜಾನಕಿಅಮ್ಮಾಳ್ #ಕಬ್ಬಿನಕಥೆ #ತಪ್ಪುತಿದ್ದುಪಡಿ #ಕನ್ನಡದಲ್ಲಿವಿಜ್ಞಾನ